ಗ್ಯಾಲರಿ ವಾಲ್: ಗೋಡೆ ತುಂಬ ಫೋಟೋ ಇದ್ದರೆ ಸಾಕಾ?

ಬೀದರ್ ಕೋಟೆಯ ರಂಗೀನ್ ಮಹಲಿನ ಫೋಟೋ ಹಾಕಿ, ಕೆಳಗೆ "ನಮ್ಮೂರಿನ 600 ವರ್ಷ ಹಳೆಯ ಗ್ಯಾಲರಿ ವಾಲ್" ಅಂತ ಯಾರೋ ಬರೆದಿದ್ದಾರೆ. ಇಷ್ಟು ದಿನ ಸುಮ್ನಿದ್ದೆ. ಕಲಬುರಗಿಯ ಅಂಗಡಿಗಳಲ್ಲಿ ಮೂರು ಹೂದಾನಿ ಚಿತ್ರದ ಪ್ಯಾಕೆಟ್ಟಿಗೂ ಇದೇ ಹೆಸರು, ಹಾಲ್‌ನ ಒಂದು ಗೋಡೆಗೆ ಮಾತ್ರ ಕಡುನೀಲಿ ಬಳಿಸಿದರೂ ಇದೇ ಹೆಸರು. ಈಗ ರಂಗೀನ್ ಮಹಲಿಗೂ ಬಂತು.

ಮೊದಲು ಅದನ್ನೇ ಮುಗಿಸೋಣ. ರಂಗೀನ್ ಮಹಲಿನ ಈಗಿನ ಅಲಂಕಾರ ಬಹುಪಾಲು ಬೀದರ್ ಆಳಿದ ಸುಲ್ತಾನ ಅಲಿ ಬರೀದ್ ಶಾಹನ ಕಾಲದ್ದು, ಅಂದರೆ 16ನೇ ಶತಮಾನದ್ದು. 600 ಅನ್ನೋದೇ ತಪ್ಪು. ಅಲ್ಲಿ ಕರಿಕಲ್ಲನ್ನು ಕೊರೆದು ಮುತ್ತಿನ ಚಿಪ್ಪು ಕೂರಿಸಿದ್ದಾರೆ, ಬಣ್ಣದ ಬಿಲ್ಲೆ ಹಚ್ಚಿದ್ದಾರೆ, ಮರದ ಕಂಬ ಕೆತ್ತಿದ್ದಾರೆ. ಅದೆಲ್ಲ ಕಟ್ಟಡದ್ದೇ ಭಾಗ, ಕಳಚಿ ಪಕ್ಕದ ಗೋಡೆಗೆ ಹಾಕೋಕೆ ಆಗಲ್ಲ. ಬೀದರ್ ಪಕ್ಕದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹಮದ್ ಶಾಹನ ಗುಮ್ಮಟದ ಒಳಗಿನ ಬಣ್ಣದ ಕೆಲಸವೂ ಹಾಗೇ, ನೇರ ಗೋಡೆ ಮೇಲೆ ಬರೆದದ್ದು. ಗ್ಯಾಲರಿ ವಾಲ್‌ನಲ್ಲಿ ಗೋಡೆ ಬೇರೆ, ಚಿತ್ರ ಬೇರೆ. ಎಲ್ಲೆಲ್ಲಿಂದಲೋ, ಯಾವಾಗಲೋ ಬಂದು ಸೇರಿದ ಬಿಡಿ ಚಿತ್ರ, ಬಿಡಿ ಫೋಟೋಗಳನ್ನು ಒಂದೇ ಗೋಡೆಯಲ್ಲಿ ಹತ್ತಿರ ಹತ್ತಿರ ಹೊಂದಿಸಿ, ದೂರದಿಂದ ನೋಡಿದರೆ ಎಲ್ಲ ಸೇರಿ ಒಂದೇ ಗುಂಪಾಗಿ ಕಾಣುವ ಹಾಗೆ ತೂಗುಹಾಕುವುದು. ಇಷ್ಟೇ ಅರ್ಥ. ನಾಳೆ ಒಂದನ್ನು ತೆಗೆದು ಇನ್ನೊಂದು ಹಾಕಬಹುದು.

ಗೊಂದಲ ಶುರುವಾಗೋದು "ಗ್ಯಾಲರಿ"ಯಲ್ಲಿ. ಈ ಹೆಸರು ಕೇಳಿದ ಕೂಡಲೇ ಜನರಿಗೆ ನೆನಪಾಗುವುದು ಈಗಿನ ಆರ್ಟ್ ಗ್ಯಾಲರಿ. ಬಿಳಿ ಗೋಡೆ, ಒಂದು ಚಿತ್ರ, ನಾಲ್ಕು ಹೆಜ್ಜೆ ಖಾಲಿ, ಇನ್ನೊಂದು ಚಿತ್ರ. ಹಾಗಾಗಿ "ಗ್ಯಾಲರಿ ಲುಕ್ ಬೇಕಂದ್ರೆ ಜಾಗ ಖಾಲಿ ಬಿಡ್ರಿ ಸರ್" ಅಂತ ಅಂಗಡಿಯವರು ಬುದ್ಧಿ ಹೇಳುತ್ತಾರೆ. ಪೂರ್ತಿ ತಿರುವುಮುರುವು. ಆ ಖಾಲಿ ಬಿಳಿ ಗೋಡೆ ರೂಢಿಗೆ ಬಂದದ್ದು 20ನೇ ಶತಮಾನದಲ್ಲಿ. ಗ್ಯಾಲರಿ ವಾಲ್ ಹಿಂದಿರುವುದು ಅದಕ್ಕಿಂತ ಎಷ್ಟೋ ಹಳೆಯ ಗ್ಯಾಲರಿಗಳ ರೂಢಿ.

ಇಟಾಲಿಯನ್ನಿನ ಗಲ್ಲೇರಿಯಾ ಮೊದಲಿಗೆ ಚಿತ್ರ ಇಡುವ ಜಾಗವೇ ಅಲ್ಲ. ಅದು ಮೇಲೆ ಸೂರಿರುವ ಉದ್ದನೆಯ ಓಡಾಟದ ಜಾಗ. ನಮ್ಮ ಕಡೆ ಪಡಸಾಲಿ ಅಂತೀವಲ್ಲ, ಅದನ್ನೇ ಉದ್ದಕ್ಕೆ ಎಳೆದುಕೊಳ್ಳಿ. ಫ್ಲಾರೆನ್ಸಿನಲ್ಲಿ 1560ರಲ್ಲಿ ಉಫಿಜಿ ಕಟ್ಟಡ ಶುರುಮಾಡಿದ್ದು ಸರ್ಕಾರಿ ಕಚೇರಿಗಳಿಗೆ. ಆ ಹೆಸರಿನ ಅರ್ಥವೇ ಕಚೇರಿಗಳು. ಮೇಲಂತಸ್ತಿನ ಉದ್ದ ಪಡಸಾಲೆಯಲ್ಲಿ ಆ ಊರನ್ನು ಆಳುತ್ತಿದ್ದ ಮೆಡಿಚಿ ಮನೆತನದವರು ತಮ್ಮ ಶಿಲ್ಪ, ಚಿತ್ರಗಳನ್ನು ತಂದಿಡುತ್ತಾ ಹೋದರು. 1769ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. ಇಂಥ ಪಡಸಾಲೆಗಳ ಹೆಸರೇ ಕೊನೆಗೆ ಅಲ್ಲಿಟ್ಟ ಸಂಗ್ರಹಕ್ಕೂ ಅಂಟಿಕೊಂಡಿತು. ನಿಮ್ಮ ಮೊಬೈಲಿನ ಗ್ಯಾಲರಿಗೂ ಮೂಲ ಅದೇ ಪಡಸಾಲೆ.

ಒತ್ತೊತ್ತಾಗಿ ಚಿತ್ರ ಹಾಕೋದಕ್ಕೆ ಹೆಸರಾದದ್ದು ಪ್ಯಾರಿಸ್. ಅಲ್ಲಿನ ರಾಜಾಶ್ರಯದ ಕಲಾ ಅಕಾಡೆಮಿ 1667ರಲ್ಲಿ ಪ್ರದರ್ಶನ ಶುರುಮಾಡಿತು. 1725ರಲ್ಲಿ ಅದು ಲೂವ್ರ್ ಅರಮನೆಯ ಸಲೋನ್ ಕಾರೆಗೆ, ಅಂದರೆ ಚೌಕದ ಹಾಲ್‌ಗೆ ಬಂತು. ಹಾಲ್‌ನ ಹೆಸರಿಂದ ಪ್ರದರ್ಶನವೂ ಸಲೋನ್ ಆಯಿತು. ಚಿತ್ರ ನೂರಾರು, ಗೋಡೆ ನಾಲ್ಕೇ. ಒಂದರ ಚೌಕಟ್ಟು ಇನ್ನೊಂದಕ್ಕೆ ತಾಗುವಂತೆ ಸೂರಿನವರೆಗೂ ಏರಿಸಿದರು. ಮೇಲಿನ ಸಾಲು ಕೆಳಗೆ ನಿಂತವರಿಗೆ ಕಾಣಲಿ ಅಂತ ಮುಂದಕ್ಕೆ ಬಾಗಿಸುತ್ತಿದ್ದರು. ಯಾರ ಚಿತ್ರ ಎಲ್ಲಿ ಅನ್ನೋದಕ್ಕೆ ಜಗಳ ಇದ್ದೇ ಇತ್ತು. ಹೊಂದಿಸಲೆಂದೇ ಒಬ್ಬರಿರುತ್ತಿದ್ದರು, ಶಾರ್ದೆನ್‌ನಂಥ ದೊಡ್ಡ ಕಲಾವಿದನೇ ಹಲವು ವರ್ಷ ಆ ಕೆಲಸ ಮಾಡಿದ. ಇಂಟೀರಿಯರ್‌ನವರು ಸಲೋನ್ ಸ್ಟೈಲ್ ಅನ್ನೋದು ಇದನ್ನೇ. ಕಟಿಂಗ್ ಮಾಡಿಸೋ ನಮ್ಮ ಸಲೂನ್ ಕೂಡ ಅದೇ ಪದ. ನಟರ ಫೋಟೋ, ದೇವರ ಕ್ಯಾಲೆಂಡರ್, ಕನ್ನಡಿ ಎಲ್ಲ ಒತ್ತೊತ್ತಾಗಿ ತುಂಬಿದ ಹಳೆಯ ಸಲೂನ್ ಗೋಡೆ ನೋಡಿದವರಿಗೆ ಪ್ಯಾರಿಸ್ ಬೇಗ ಅರ್ಥವಾಗುತ್ತೆ.

ಏಳು ಕುದುರೆ ಓಡುವ ಒಂದೇ ಚಿತ್ರವನ್ನು ಐದು ಪಟ್ಟಿ ಮಾಡಿ ಮಾರುತ್ತಾರಲ್ಲ, ಅದು ಗ್ಯಾಲರಿ ವಾಲ್ ಅಲ್ಲ. ಒಂದು ಪಟ್ಟಿ ತೆಗೆದರೆ ಕುದುರೆಗೆ ತಲೆಯೇ ಇರಲ್ಲ. ಒಂದೇ ರಟ್ಟಿನ ಮೇಲೆ ಹುಟ್ಟುಹಬ್ಬದ ಫೋಟೋ ಕತ್ತರಿಸಿ ಅಂಟಿಸಿದರೆ ಅದು ಕೊಲಾಜ್. ಒಂದು ಗೋಡೆಗೆ ಬೇರೆ ಬಣ್ಣ ಬಳಿದರೆ ಬಣ್ಣ ಬಳಿದ ಗೋಡೆ, ಅಷ್ಟೇ.

ಕಷ್ಟದ ಪ್ರಶ್ನೆ ಬೇರೆ ಇದೆ. ಹಳೆ ಮನೆಗಳ ಪಡಸಾಲೆಯಲ್ಲಿ ಜಂತಿ ಕೆಳಗೆ ಸಾಲಾಗಿ ತೂಗುವ ಫೋಟೋಗಳಿಗೆ ಏನನ್ನೋಣ? ಆಳಂದ, ಶಹಾಪುರ, ಬಸವಕಲ್ಯಾಣದ ಕಡೆ ಈಗಲೂ ಕಾಣುತ್ತವೆ. ಬಸವಣ್ಣ, ಶರಣಬಸವೇಶ್ವರರು, ರವಿವರ್ಮನ ಪ್ರೆಸ್ಸಿನ ಲಕ್ಷ್ಮಿ, ಕಲಬುರಗಿಯವರೇ ಆದ ಎಸ್.ಎಂ. ಪಂಡಿತರ ಪುರಾಣದ ಚಿತ್ರವಿದ್ದ ಕ್ಯಾಲೆಂಡರ್ ಹಾಳೆಗೆ ಕಟ್ಟು ಹಾಕಿಸಿದ್ದು, ಆಮೇಲೆ ಅಜ್ಜ, ಅಜ್ಜಿ, ಸ್ಟುಡಿಯೋದಲ್ಲಿ ಕುರ್ಚಿ ಹಿಡಿದು ನಿಂತ ಮದುಮಕ್ಕಳು. ಮೇಲ್ತುದಿ ಮುಂದಕ್ಕೆ ಬಾಗಿರುತ್ತೆ, ಪ್ಯಾರಿಸ್ಸಿನ ಹಾಗೇ. ಇದೇ ನಮ್ಮ ದೇಸಿ ಗ್ಯಾಲರಿ ವಾಲ್ ಅಂತ ಹೆಮ್ಮೆಪಡುವವರಿದ್ದಾರೆ. ನಾನು ಒಪ್ಪಲ್ಲ. ಅದು ಕಡಿಮೆ ಅಂತಲ್ಲ, ಅದರ ಲೆಕ್ಕವೇ ಬೇರೆ. ಅಲ್ಲಿ ದೇವರು, ಗುರು ಮೊದಲು, ತೀರಿಹೋದ ಹಿರಿಯರು ಆಮೇಲೆ, ಬದುಕಿರುವವರು ಕೊನೆಗೆ. ಹಬ್ಬ ಬಂದರೆ ಇಳಿಸಿ ಒರೆಸುತ್ತಾರೆ, ಕುಂಕುಮವೋ ವಿಭೂತಿಯೋ ಹಚ್ಚಿ ಕೈಮುಗಿಯುತ್ತಾರೆ. ಗ್ಯಾಲರಿ ವಾಲ್‌ನಲ್ಲಿ ಯಾವ ಚಿತ್ರ ಎಲ್ಲಿ ಅನ್ನೋದನ್ನು ಅದರ ಅಳತೆ, ಬಣ್ಣ ನೋಡಿ ಗೊತ್ತುಮಾಡುತ್ತೀವಿ. ಪಡಸಾಲೆಯ ಸಾಲಿನಲ್ಲಿ ಚಿತ್ರದಲ್ಲಿರುವವರು ಯಾರು ಅನ್ನೋದೇ ಮುಖ್ಯ.

ಅದಕ್ಕೇ ಹೊಸ ಮನೆಯ ಗ್ಯಾಲರಿ ವಾಲ್‌ಗೆ ಹಾರ ಹಾಕಿದ ಫೋಟೋ ತಂದು ಸೇರಿಸೋದು ನನಗೆ ಸರಿ ಕಾಣಲ್ಲ. ಗೋವಾ ಪ್ರವಾಸದ ಫೋಟೋ ಪಕ್ಕ ಹಾರದ ಅಜ್ಜ, ಅವರ ಕೆಳಗೆ ಕಾಫಿ ಕಪ್ಪಿನ ಪೋಸ್ಟರ್. ಇಂಥದ್ದನ್ನೂ ನೋಡಿದ್ದೀನಿ. ಅಜ್ಜ ಇರಲಿ, ಯಾರು ಬೇಡ ಅಂದರು? ಹೊಲದಲ್ಲೋ ಜಾತ್ರೆಯಲ್ಲೋ ನಗುತ್ತಾ ನಿಂತ ಅವರ ಇನ್ನೊಂದು ಫೋಟೋ ಹುಡುಕಿ ಹಾಕಿ. ಹಾರದ ಫೋಟೋ ಅದರ ಜಾಗದಲ್ಲೇ ಇರಲಿ.

ಅಳತೆ ವಿಷಯ ಜಾಸ್ತಿ ಇಲ್ಲ. ಕಟ್ಟುಗಳ ನಡುವೆ 2ರಿಂದ 3 ಇಂಚು ಸಾಕು, ಅದಕ್ಕಿಂತ ದೂರ ಹೋದರೆ ಗುಂಪು ಒಡೆಯುತ್ತೆ. ಇಡೀ ಗುಂಪಿನ ನಡುಭಾಗ ನೆಲದಿಂದ ಸುಮಾರು 57 ಇಂಚು, ಅಂದರೆ 145 ಸೆಂ.ಮೀ. ಎತ್ತರಕ್ಕೆ ಬರಲಿ. ಮೊಳೆ ಹೊಡೆಯುವ ಮುಂಚೆ ಎಲ್ಲವನ್ನೂ ನೆಲದ ಮೇಲೆ ಹರಡಿ ನೋಡಿ. ನೇರ ಬಿಸಿಲು ಬೀಳುವ ಗೋಡೆ ಬೇಡವೇ ಬೇಡ, ನಮ್ಮ ಬೇಸಿಗೆಗೆ ಫೋಟೋ ಬಣ್ಣವೂ ಹೋಗುತ್ತೆ, ಅಂಟುಟೇಪೂ ಕೈಕೊಡುತ್ತೆ.

ಮತ್ತೆ, ಎಲ್ಲವೂ ಚಪ್ಪಟೆ ಚಿತ್ರವೇ ಆಗಬೇಕು ಅಂತೇನಿಲ್ಲ. ಕನ್ನಡಿ, ಕೌದಿಯ ತುಂಡು, ಬಿದ್ರಿ ತಟ್ಟೆ ಯಾವುದಾದರೂ ಸರಿ. ಬಿದ್ರಿ ಅಂದರೆ ಸತು ತಾಮ್ರದ ಎರಕ, ಅದರಲ್ಲಿ ಕೂರಿಸಿದ ಬೆಳ್ಳಿ. ಬೀದರ್ ಕೋಟೆಯ ಮಣ್ಣು, ನವಸಾಗರ ಅನ್ನೋ ಒಂದು ಬಗೆಯ ಉಪ್ಪು ಸೇರಿಸಿ ಎರಕಕ್ಕೆ ಕಪ್ಪು ಬರಿಸುತ್ತಾರೆ. ಆ ಕಪ್ಪು ಸುಣ್ಣದ ಬಿಳಿ ಗೋಡೆಯಲ್ಲಿ ಎದ್ದು ಕಾಣುತ್ತೆ. ಫ್ಯಾಷನ್ ಅಂತ ಕಡುಬೂದಿ ಬಣ್ಣ ಬಳಿಸಿದ್ದರೆ ತಟ್ಟೆ ಅಲ್ಲೇ ಕಳೆದುಹೋಗುತ್ತೆ. ಒಂದು ಸಾಕು, ಹೆಚ್ಚೆಂದರೆ ಎರಡು. ಎಂಟು ತಟ್ಟೆ ಸಾಲಾಗಿ ತೂಗುಹಾಕಿದರೆ ಎಂಪೋರಿಯಂ ಆಗುತ್ತೆ, ಬಂದವರು ರೇಟು ಕೇಳುತ್ತಾರೆ.