ಸ್ವಭಾವದ ಬೇರನ್ನು ಮಿದುಳಿನಲ್ಲಿ ಅರಸಿದ ಕತೆ

ಹತ್ತನೆಯ ತರಗತಿ ಮುಗಿಸಿದ ಮಕ್ಕಳನ್ನು ಆಪ್ತಸಲಹೆಗಾರರ ಬಳಿಗೆ ಕರೆದೊಯ್ದು ‘ಪರ್ಸನಾಲಿಟಿ ಟೆಸ್ಟ್’ ಮಾಡಿಸುವುದು ಮುಂಬಯಿಯ ಕನ್ನಡ ಮನೆಗಳಿಗೂ ಹೊಸದಲ್ಲ. ಅಂತರ್ಮುಖಿ, ಬಹಿರ್ಮುಖಿ ಎಂಬ ಷರಾದ ಪಕ್ಕದಲ್ಲಿ ಮಿದುಳಿನ ಬಣ್ಣದ ಚಿತ್ರವೊಂದಿದ್ದರೆ ತಂದೆತಾಯಿಯರಿಗೆ ಆ ವರದಿ ರಕ್ತಪರೀಕ್ಷೆಯಷ್ಟೇ ಖಚಿತವೆನಿಸುತ್ತದೆ. ಅಂಥ ಖಚಿತತೆಯನ್ನು ವಿಜ್ಞಾನ ಎಂದೂ ಕೊಟ್ಟಿರಲಿಲ್ಲ.

ಸ್ವಭಾವಕ್ಕೆ ದೇಹದಲ್ಲಿ ನೆಲೆ ಹುಡುಕುವ ಹಂಬಲ ಹಳೆಯದು. ನಮ್ಮ ವಾತ, ಪಿತ್ತ, ಕಫಗಳ ವಿಚಾರವೂ ಗ್ರೀಕರ ನಾಲ್ಕು ದ್ರವಗಳ ಕಲ್ಪನೆಯೂ ಅದರ ರೂಪಗಳೇ. ಅದನ್ನು ಮಿದುಳಿನ ನಿರ್ದಿಷ್ಟ ಭಾಗಗಳಿಗೆ ಕಟ್ಟಿದವರಲ್ಲಿ ಲಂಡನ್ನಿನ ಮನಶ್ಶಾಸ್ತ್ರಜ್ಞ ಹ್ಯಾನ್ಸ್ ಐಸೆಂಕ್ ಪ್ರಮುಖರು. ಬಹಿರ್ಮುಖಿಗಳ ಮಿದುಳಿನ ಹೊರಪದರ ಸಹಜವಾಗಿಯೇ ಕಡಿಮೆ ಉದ್ದೀಪನಗೊಂಡಿರುವುದರಿಂದ ಅವರು ಗದ್ದಲವನ್ನೂ ಜನಸಂಗವನ್ನೂ ಬಯಸುತ್ತಾರೆ, ಬೇಗ ಕಳವಳಗೊಳ್ಳುವವರಲ್ಲಿ ಭಾವನೆಗಳಿಗೆ ಸಂಬಂಧಿಸಿದ ಲಿಂಬಿಕ್ ವ್ಯವಸ್ಥೆ ಸುಲಭವಾಗಿ ಕೆರಳುತ್ತದೆ ಎಂಬುದು 1967ರಲ್ಲಿ ಅವರು ಮಂಡಿಸಿದ ವಾದ. ಮುಂದೆ ಅವರ ವಿಭಾಗದ ಮುಖ್ಯಸ್ಥರಾದ ಜೆಫ್ರಿ ಗ್ರೇ 1970ರಲ್ಲಿ ಇದನ್ನು ತಿದ್ದಿ, ವ್ಯತ್ಯಾಸವಿರುವುದು ಪ್ರತಿಫಲಕ್ಕೂ ಶಿಕ್ಷೆಗೂ ಮನಸ್ಸು ಮಿಡಿಯುವ ಬಗೆಯಲ್ಲಿ ಎಂದರು. ಮಳೆಗಾಲದಲ್ಲಿ ಕುರ್ಲಾ–ಸಯಾನ್ ನಡುವೆ ಲೋಕಲ್ ನಿಂತಾಗ ಒಬ್ಬರಿಗೆ ಕಚೇರಿಯಲ್ಲಿ ಬೀಳಲಿರುವ ಅರ್ಧ ದಿನದ ರಜೆಯೇ ಕಣ್ಣಿಗೆ ಕಟ್ಟಿದರೆ, ಇನ್ನೊಬ್ಬರಿಗೆ ಹರಟೆಗೆ ಸಿಕ್ಕ ಬಿಡುವು ಕಾಣುತ್ತದೆ; ಗ್ರೇ ಹೇಳುತ್ತಿದ್ದುದು ಇಂಥ ಭೇದವನ್ನೇ.

1990ರ ದಶಕದಲ್ಲಿ ಎಫ್‌ಎಂಆರ್‌ಐ (ರಕ್ತಸಂಚಾರದ ಬದಲಾವಣೆಯಿಂದ ಮಿದುಳಿನ ಚಟುವಟಿಕೆಯನ್ನು ತೋರಿಸುವ ಸ್ಕ್ಯಾನ್) ಬಂದ ಮೇಲೆ ಈ ವಾದಗಳನ್ನು ನೇರವಾಗಿ ಪರೀಕ್ಷಿಸುವುದು ಸಾಧ್ಯವಾಯಿತು. ಟುರ್ಹಾನ್ ಕಾನ್ಲಿ ಮತ್ತು ಸಂಗಡಿಗರು 2001ರಲ್ಲಿ 14 ಮಹಿಳೆಯರಿಗೆ ಚಿತ್ರಗಳನ್ನು ತೋರಿಸಿದಾಗ, ಬಹಿರ್ಮುಖತೆ ಹೆಚ್ಚಿದ್ದವರ ಮಿದುಳು ಹಿತವಾದ ಚಿತ್ರಗಳಿಗೂ, ಕಳವಳದ ಸ್ವಭಾವ ಹೆಚ್ಚಿದ್ದವರದು ಅಹಿತವಾದವಕ್ಕೂ ಹೆಚ್ಚು ಸ್ಪಂದಿಸಿದ್ದು ಕಂಡಿತು. ಮರುವರ್ಷದ ಅವರ ಫಲಿತಾಂಶ ಇನ್ನೂ ಕುತೂಹಲಕರವಾಗಿತ್ತು: ಭಯಗೊಂಡ ಮುಖಗಳಿಗೆ ಗುಂಪಿನಲ್ಲಿ ಒಟ್ಟಾರೆಯಾಗಿ ಅಮಿಗ್ಡಲ (ಭಯದಂಥ ಭಾವನೆಗಳಿಗೆ ಸಂಬಂಧಿಸಿದ ಮಿದುಳಿನ ಒಳಭಾಗ) ಸ್ಪಂದಿಸಿತು, ಆದರೆ ನಗುಮುಖಗಳಿಗೆ ಅದು ಸ್ಪಂದಿಸಿದ ಪ್ರಮಾಣ ವ್ಯಕ್ತಿಯ ಬಹಿರ್ಮುಖತೆಯನ್ನು ಅವಲಂಬಿಸಿತ್ತು. 2003ರಲ್ಲಿ ಮನಶ್ಶಾಸ್ತ್ರಜ್ಞ ಜೆರೋಮ್ ಕೇಗನ್ ಅವರಿದ್ದ ತಂಡ ಎರಡನೆಯ ವಯಸ್ಸಿನಲ್ಲಿಯೇ ಸಂಕೋಚದವರೆಂದು ಗುರುತಿಸಲಾಗಿದ್ದ ಮಕ್ಕಳನ್ನು ಅವರು ದೊಡ್ಡವರಾದ ಮೇಲೆ ಪರೀಕ್ಷಿಸಿತು. ಅಪರಿಚಿತ ಮುಖಗಳನ್ನು ಕಂಡಾಗ ಅವರ ಅಮಿಗ್ಡಲ ಉಳಿದವರಿಗಿಂತ ಹೆಚ್ಚು ಚುರುಕಾಗಿತ್ತು. ಈ ಸರಣಿಯಲ್ಲಿ ನನಗೆ ಹೆಚ್ಚು ಗಟ್ಟಿಯೆನಿಸುವುದು ಇದೇ, ಏಕೆಂದರೆ ಇಲ್ಲಿ ಸ್ವಭಾವವನ್ನು ದಾಖಲಿಸಿದ್ದು ಸ್ಕ್ಯಾನಿಗೆ ಎಷ್ಟೋ ವರ್ಷ ಮೊದಲು. ಆದರೂ ಅಲ್ಲಿದ್ದವರು 22 ಮಂದಿ ಮಾತ್ರ.

ತೊಡಕು ಇದ್ದದ್ದು ಆ ಸಣ್ಣ ಸಂಖ್ಯೆಗಳಲ್ಲಿಯೇ. ಎಡ್ವರ್ಡ್ ವುಲ್ ಮತ್ತು ಸಹಲೇಖಕರು 2009ರಲ್ಲಿ, ಇಂಥ ಅನೇಕ ಅಧ್ಯಯನಗಳು ಸ್ವಭಾವದ ಅಂಕಗಳಿಗೆ ಚೆನ್ನಾಗಿ ಹೊಂದುವ ಮಿದುಳಿನ ಬಿಂದುಗಳನ್ನು ಮೊದಲು ಆರಿಸಿಕೊಂಡು, ಬಳಿಕ ಅದೇ ಬಿಂದುಗಳಲ್ಲಿ ಹೊಂದಾಣಿಕೆಯನ್ನು ಅಳೆದಿವೆ ಎಂದು ತೋರಿಸಿದರು. ಹಾಗೆ ಮಾಡಿದರೆ ಸಂಬಂಧ ಇರುವುದಕ್ಕಿಂತ ಬಲವಾಗಿ ಕಾಣುವುದು ಅನಿವಾರ್ಯ. 2022ರಲ್ಲಿ ಸುಮಾರು 50,000 ಜನರ ಮಾಹಿತಿಯನ್ನು ಜಾಲಾಡಿದ ಇನ್ನೊಂದು ವಿಶ್ಲೇಷಣೆ, ಮಿದುಳಿನ ಅಳತೆಗಳಿಗೂ ಮಾನಸಿಕ ಗುಣಗಳಿಗೂ ಇರುವ ನಂಟು ಬಹಳ ಸಣ್ಣದೆಂದೂ, ನಂಬುವಂತೆ ಹಿಡಿಯಲು ಸಾವಿರಾರು ಜನ ಬೇಕೆಂದೂ ಹೇಳಿತು. ಸಾವಿರಾರು ಜನರ ಸರಾಸರಿಯಲ್ಲಿ ಮಾತ್ರ ಮಸುಕಾಗಿ ಕಾಣುವ ಸಂಗತಿಯಿಂದ ಒಬ್ಬ ಹುಡುಗಿಯ ಸ್ವಭಾವವನ್ನು ಓದಿ ಹೇಳಲು ಬರುವುದಿಲ್ಲ.

ಸಂಖ್ಯೆ ಹೆಚ್ಚಿಸುವುದೊಂದೇ ದಾರಿಯೆಂದು ಎಲ್ಲರೂ ಒಪ್ಪಿಲ್ಲ. ಅಮೆರಿಕದ ಸೇಂಟ್ ಲೂಯಿಸಿನಲ್ಲಿ ಕೇವಲ 10 ಮಂದಿಯನ್ನು ನಡುರಾತ್ರಿಯ ಹೊತ್ತಿನಲ್ಲಿ ತಲಾ ಹತ್ತು ಬಾರಿ ಸ್ಕ್ಯಾನ್ ಮಾಡಿ 2017ರಲ್ಲಿ ಫಲಿತಾಂಶ ಪ್ರಕಟಿಸಿದ ಗುಂಪು, ಒಬ್ಬೊಬ್ಬರ ಮಿದುಳಿನ ಜಾಲವೂ ಸರಾಸರಿ ನಕ್ಷೆಯಲ್ಲಿ ಕಾಣದ ತನ್ನದೇ ವಿವರಗಳನ್ನು ಹೊಂದಿರುವುದನ್ನು ತೋರಿಸಿದೆ.