ಅಡಿಕೆ ಮರ ಏರುವವರ ಸುರಕ್ಷತೆ: ತಳೆಯಿಂದ ದೋಟಿಯವರೆಗೆ

ಅಡಿಕೆ ಮರದಿಂದ ಬಿದ್ದು ಕಾರ್ಮಿಕ ಸತ್ತ ಸುದ್ದಿ ಕರಾವಳಿ ಮತ್ತು ಮಲೆನಾಡಿನ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅದರ ಬೆನ್ನಿಗೇ ಯಂತ್ರ, ಸಹಾಯಧನ, ತರಬೇತಿ, ವಿಮೆ, ಆಳುಗಳ ಕೊರತೆ ಎಲ್ಲವೂ ಒಂದೇ ಚರ್ಚೆಯೊಳಗೆ ಕಲಸಿಹೋಗುತ್ತವೆ. ಎಳೆಗಳನ್ನು ಬಿಡಿಸಿ ನೋಡಿದರೆ, ಈ ಕೆಲಸದಲ್ಲಿ ಆದ ಬದಲಾವಣೆಗಳಲ್ಲಿ ಹೆಚ್ಚಿನವು ಏರುವವರು ಸಿಗುತ್ತಿಲ್ಲ ಎಂಬ ಕಾರಣಕ್ಕೆ ಆದವೇ ಹೊರತು, ಏರಿದವರು ಬೀಳುತ್ತಿದ್ದಾರೆ ಎಂಬ ಕಾರಣಕ್ಕಲ್ಲ.

ತಲೆಮಾರುಗಳ ಕಾಲ ಕೊನೆಗಾರನ, ಅಂದರೆ ಮರ ಏರಿ ಗೊನೆ ಕೊಯ್ಯುವವನ ಬಳಿ ಇದ್ದದ್ದು ಕಾಲಿಗೆ ಹಾಕಿಕೊಳ್ಳುವ ಬಳೆಯಾಕಾರದ ತಳೆ, ಸೊಂಟದ ಕತ್ತಿ, ಗೊನೆ ಇಳಿಸುವ ಹಗ್ಗ, ಇಷ್ಟೇ. ಗೊನೆಗಳಿಗೆ ಕೊಟ್ಟೆ (ಹೊದಿಕೆ) ಕಟ್ಟಿ ಮಳೆಯಿಂದ ಕಾಪಾಡುತ್ತಿದ್ದ ಕಾಲದಲ್ಲಿ, 1910ರ ಹೊತ್ತಿಗೆ, ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಮಳೆಗಾಲದಲ್ಲಿ ಕಾಯಿ ಕೊಳೆಯಿಸುವ ಕೊಳೆರೋಗವನ್ನು ಅಧ್ಯಯನ ಮಾಡಿ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣದ ದಾರಿ ತೋರಿಸಿದರು. ಬೆಳೆ ಉಳಿಯಿತು. ಆದರೆ ಮೊದಲ ಸಿಂಪಡಣೆಯಾಗಿ 40-45 ದಿನಕ್ಕೆ ಇನ್ನೊಂದು ಸಿಂಪಡಣೆ ಬೇಕಾದ್ದರಿಂದ, ಪಾಚಿಗಟ್ಟಿದ ಮರವನ್ನು ನಡುಮಳೆಗಾಲದಲ್ಲಿ ಏರುವುದು ಪ್ರತಿ ವರ್ಷದ ಕೆಲಸವಾಯಿತು.

ಏರುವುದಕ್ಕಿಂತಲೂ ದಾಟುವುದು ಕಷ್ಟ. ತೋಟದಲ್ಲಿ ಮರಗಳ ನಡುವೆ ಶಿಫಾರಸಾದ ಅಂತರ 2.7 ಮೀಟರ್, ಎಕರೆಗೆ ಸುಮಾರು 550 ಮರಗಳು. ನುರಿತ ಕೊನೆಗಾರ ಒಂದು ಮರ ಮುಗಿದ ಕೂಡಲೇ ಕೆಳಗಿಳಿಯುವುದಿಲ್ಲ. ತಾನಿರುವ ಮರವನ್ನು ತೂಗಿ, ಪಕ್ಕದ ಮರವನ್ನು ಹಿಡಿದೆಳೆದುಕೊಂಡು ಅದಕ್ಕೆ ದಾಟುತ್ತಾನೆ. ಬೀಳದಂತೆ ಸೊಂಟದ ಬೆಲ್ಟಿನಿಂದ ಮರಕ್ಕೆ ಹಗ್ಗ ಕಟ್ಟಿಕೊಂಡಿದ್ದರೆ ಪ್ರತಿ ದಾಟಿಗೂ ಅದನ್ನು ಬಿಚ್ಚಿ ಕಟ್ಟಬೇಕು, ದಿನದ ಮರಗಳ ಲೆಕ್ಕ ಇಳಿಯುತ್ತದೆ. ಕೂಲಿಯನ್ನು ಆ ಲೆಕ್ಕದಲ್ಲೇ ಅಳೆಯುವ ಕಡೆ ಬೆಲ್ಟು ಮನೆಯ ಅಟ್ಟದಲ್ಲಿ ಉಳಿದರೆ ಅದನ್ನು ಕೊನೆಗಾರನ ಅಸಡ್ಡೆ ಎನ್ನುವುದು ನ್ಯಾಯವಲ್ಲ.

ಈ ಶತಮಾನದಲ್ಲಿ ಕೊನೆಗಾರರ ಮಕ್ಕಳು ಬೇರೆ ಉದ್ಯೋಗ ಹಿಡಿದಂತೆ ಬದಲಿ ದಾರಿಯ ಹುಡುಕಾಟ ಬಿರುಸಾಯಿತು. ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ಆರಂಭಿಸಿದ ‘ತೆಂಗಿನ ಮರದ ಗೆಳೆಯರು’ ಕಾರ್ಯಕ್ರಮದಲ್ಲಿ ಏರುವ ಸಾಧನ, ತರಬೇತಿ, ಅಪಘಾತ ವಿಮೆ ಮೂರೂ ಜೊತೆಯಾಗಿ ಬಂದವು. ಅಡಿಕೆಗೆ ಅವು ಬೇರೆ ಬೇರೆ ದಿಕ್ಕಿನಿಂದ, ಬೇರೆ ಬೇರೆ ಹೊತ್ತಿಗೆ ಬಂದವು. ವಿಟ್ಲದ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಕೇಂದ್ರದಲ್ಲಿ ಯುವಕರಿಗೆ ಮರ ಏರುವ ಶಿಬಿರ ನಡೆಯಿತು. 2019ರಲ್ಲಿ ಬಂಟ್ವಾಳ ತಾಲ್ಲೂಕಿನ ಸಜೀಪಮೂಡದ ಕೃಷಿಕ ಗಣಪತಿ ಭಟ್ಟರು ತಯಾರಿಸಿದ, ಕುಳಿತು ಏರುವ ಪೆಟ್ರೋಲ್ ಯಂತ್ರ ದೇಶದ ಗಮನ ಸೆಳೆಯಿತು.

ಬೆಲ್ಟಿನ ವಿಷಯದಲ್ಲಿ ಒಂದು ಗೊಂದಲ ಇನ್ನೂ ಹರಿದಿಲ್ಲ. ಸೊಂಟಕ್ಕೆ ಮಾತ್ರ ಕಟ್ಟುವ ಪಟ್ಟಿ ಮರಕ್ಕೆ ಒರಗಿ ನಿಂತು ಕೆಲಸ ಮಾಡಲು ಆಸರೆಯಾಗಬಹುದು. ಬಿದ್ದಾಗ ಮಾತ್ರ ಇಡೀ ಜಗ್ಗು ಹೊಟ್ಟೆ ಮತ್ತು ಬೆನ್ನುಮೂಳೆಯ ಮೇಲೆ ಬೀಳುತ್ತದೆ, ದೇಹ ನುಸುಳಿ ಹೊರಬೀಳುವ ಅಪಾಯವೂ ಇದೆ. ಈ ಕಾರಣಕ್ಕೆ ಅಮೆರಿಕದಲ್ಲಿ 1998ರ ಜನವರಿ 1ರಿಂದ ಬೀಳುವವರನ್ನು ತಡೆಯಲು ಸೊಂಟಪಟ್ಟಿ ಬಳಸುವುದನ್ನೇ ನಿಷೇಧಿಸಲಾಯಿತು. ತೊಡೆ, ಎದೆ, ಭುಜಗಳಿಗೆ ಜಗ್ಗನ್ನು ಹಂಚುವ ಪೂರ್ಣ ದೇಹದ ಹಾರ್ನೆಸ್ ಅದರ ಜಾಗಕ್ಕೆ ಬಂತು. ಆದರೆ ಹಾರ್ನೆಸ್‌ಗೂ ಗಟ್ಟಿ ಆಧಾರ ಬೇಕು. ಅಲ್ಲಿನ ನಿಯಮ ಒಬ್ಬ ಕೆಲಸಗಾರನ ಆಧಾರಕ್ಕೆ ಕೇಳುವುದು ಸುಮಾರು 22 ಕಿಲೋನ್ಯೂಟನ್, ಅಂದರೆ ಎರಡು ಟನ್‌ಗೂ ಮಿಕ್ಕಿದ ಭಾರವನ್ನು ತಡೆಯುವ ಬಲ. ನೈಋತ್ಯದ ಬಿಸಿಲು ಹೊಡೆದು ಸೀಳಿದ, ಇಲ್ಲವೇ ಅಣಬೆ ರೋಗದಿಂದ ಬುಡ ಕೊಳೆತ ಅಡಿಕೆ ಮರ ಅಂಥ ಆಧಾರವಾಗದು. ಸಡಿಲವಾಗಿ ಸುತ್ತಿದ ಹಗ್ಗ ನುಣುಪಾದ ಕಾಂಡದ ಮೇಲೆ ಜಾರುತ್ತದೆ. ಭಾರ ಬಿದ್ದಾಗ ತಾನೇ ಬಿಗಿಯುವ ಕುಣಿಕೆ ಬೇಕು. ಹಾಗಾಗಿ ಯಾವ ಮರವನ್ನು ಏರಬಾರದು ಎಂದು ಕೆಳಗಿನಿಂದಲೇ ಗುರುತಿಸುವುದು ತರಬೇತಿಯ ಮೊದಲ ಪಾಠವಾಗಬೇಕು.

ನೆಲದಲ್ಲೇ ನಿಂತು ಕೊಯ್ಯುವ, ಸಿಂಪಡಿಸುವ ಉದ್ದನೆಯ ಕೋಲು, ಅಂದರೆ ದೋಟಿ, ಬೀಳುವ ಭಯವನ್ನೇ ಇಲ್ಲವಾಗಿಸಿತು, ಇದು ನಿಜವಾದ ಮುನ್ನಡೆ. ಆದರೆ ಅಲ್ಯೂಮಿನಿಯಂ ದೋಟಿ ವಿದ್ಯುತ್ ತಂತಿಗೆ ತಗುಲಿ ಜೀವ ಹೋದ ಪ್ರಕರಣಗಳು ವರದಿಯಾಗಿವೆ. ಹಗುರವೆಂದು ಜನಪ್ರಿಯವಾದ ಕಾರ್ಬನ್ ಫೈಬರ್ ಕೂಡ ವಿದ್ಯುತ್ ವಾಹಕವೇ ಎಂಬುದನ್ನು ಕೊಳ್ಳುವವರಿಗೆ ಒತ್ತಿ ಹೇಳಬೇಕಾಗಿದೆ. ವಿಟ್ಲದಲ್ಲಿ ರೂಪಿಸಿದ ಗಿಡ್ಡ ತಳಿಗಳೂ ಇವೆ, ಆದರೆ ದಶಕಗಟ್ಟಲೆ ಫಲ ಕೊಡುವ ಹಳೆಯ ತೋಟಗಳನ್ನು ಯಾರೂ ಬೇಗ ಕಡಿಯುವುದಿಲ್ಲ.

ಎತ್ತರದ ಕೆಲಸಕ್ಕೆ ರಕ್ಷಣೆ ಕೇಳಿದ 1948ರ ಕಾರ್ಖಾನೆ ಕಾಯಿದೆಯಾಗಲಿ, 1996ರ ಕಟ್ಟಡ ಕಾರ್ಮಿಕರ ಕಾಯಿದೆಯಾಗಲಿ ತೋಟದೊಳಗೆ ಕಾಲಿಡಲಿಲ್ಲ. ಹೀಗಾಗಿ ಹಾರ್ನೆಸ್ ಯಾರು ಕೊಳ್ಳಬೇಕು, ಹಗ್ಗ ಸವೆದಿದೆಯೇ ಎಂದು ಯಾರು ನೋಡಬೇಕು ಎಂಬುದು ತೋಟದ ಯಜಮಾನ ಮತ್ತು ಕೊನೆಗಾರನ ನಡುವಿನ ಬಾಯಿಮಾತಿಗೆ ಬಿಟ್ಟ ವಿಷಯವಾಗಿದೆ. ಹಾರ್ನೆಸ್‌ನಲ್ಲಿ ನೇತಾಡುವವನನ್ನು ಕೆಲವೇ ನಿಮಿಷಗಳಲ್ಲಿ ಇಳಿಸದಿದ್ದರೆ ಕಾಲುಗಳಲ್ಲಿ ರಕ್ತ ನಿಂತು ಪ್ರಾಣಕ್ಕೇ ಕುತ್ತಾಗಬಹುದು. ಆ ಹೊತ್ತಿಗೆ ಹತ್ತಿರ ಇರುವವನು ಕೆಳಗೆ ಹಗ್ಗ ಹಿಡಿದು ಗೊನೆ ಇಳಿಸಿಕೊಳ್ಳುವ ಜೊತೆಯಾಳು ಒಬ್ಬನೇ. ಶಿಬಿರಕ್ಕೆ ಅವನನ್ನೂ ಕರೆಯಬೇಕು.