ಜಾವಾಸ್ಕ್ರಿಪ್ಟ್ ದಾಳದಲ್ಲಿ 1 ಮತ್ತು 6 ಏಕೆ ಕಡಿಮೆ ಬೀಳುತ್ತವೆ?

ಪ್ರಶ್ನೆ: ದಾಳದ ಆಟಕ್ಕೆ ಮ್ಯಾಥ್.ರ‍್ಯಾಂಡಮ್ ಕೊಟ್ಟದ್ದನ್ನು 5ರಿಂದ ಗುಣಿಸಿ, ಮ್ಯಾಥ್.ರೌಂಡ್ ಹಾಕಿ, 1 ಕೂಡಿಸುತ್ತಿದ್ದೇನೆ. 1 ಮತ್ತು 6 ಉಳಿದವುಗಳಷ್ಟು ಬೀಳುತ್ತಿಲ್ಲ. ತಪ್ಪೆಲ್ಲಿದೆ?

ಉತ್ತರ: ರೌಂಡ್‌ನಲ್ಲಿದೆ. ಮ್ಯಾಥ್.ರ‍್ಯಾಂಡಮ್ ಕೊಡುವುದು 0ಯಿಂದ ಶುರುವಾಗಿ 1ನ್ನು ಎಂದೂ ಮುಟ್ಟದ ದಶಮಾಂಶ ಸಂಖ್ಯೆ. 5ರಿಂದ ಗುಣಿಸಿ ರೌಂಡ್ ಮಾಡಿದಾಗ 0.5ರಿಂದ 1.5ರೊಳಗೆ ಬಿದ್ದದ್ದೆಲ್ಲ 1 ಆಗುತ್ತದೆ; ಆದರೆ 0 ಆಗುವುದು 0.5ಕ್ಕಿಂತ ಕಡಿಮೆ ಇದ್ದದ್ದು ಮಾತ್ರ. ಆಚೆ ತುದಿಯಲ್ಲಿ 5ರ ಪಾಲಿಗೂ 4.5ರ ಮೇಲಿನ ಅರ್ಧವೇ ಉಳಿಯುತ್ತದೆ. ಹೀಗಾಗಿ 6000 ಸಲ ಎಸೆದರೆ ನಡುವಿನ ನಾಲ್ಕು ಮುಖಗಳು ಸುಮಾರು 1200 ಸಲ ಬೀಳುತ್ತವೆ, ತುದಿಯ ಎರಡು ಸುಮಾರು 600 ಸಲ.

ಸರಿಯಾದ ಸಾಲು ಇದು:

ಮ್ಯಾಥ್.ಫ್ಲೋರ್(ಮ್ಯಾಥ್.ರ‍್ಯಾಂಡಮ್() * 6) + 1

ಫ್ಲೋರ್ ದಶಮಾಂಶದ ಭಾಗವನ್ನು ಕತ್ತರಿಸಿ ಹಾಕುವುದರಿಂದ ಆರೂ ಮುಖಗಳಿಗೆ ಸಮಪಾಲು. ಬೇರೆ ಮಿತಿಗಳಿದ್ದರೆ ಗರಿಷ್ಠದಲ್ಲಿ ಕನಿಷ್ಠ ಕಳೆದು, 1 ಸೇರಿಸಿ, ಅದರಿಂದ ಗುಣಿಸಿ. ಫ್ಲೋರ್ ಆದಮೇಲೆ ಕನಿಷ್ಠವನ್ನು ಕೂಡಿಸಿ. ಆ 1 ಬಿಟ್ಟುಹೋದರೆ ಗರಿಷ್ಠ ಸಂಖ್ಯೆ ಬರುವುದೇ ಇಲ್ಲ. ಫ್ಲೋರ್ ಬದಲು ಸೀಲ್ (ಮೇಲಿನ ಪೂರ್ಣಾಂಕಕ್ಕೆ ಏರಿಸುವುದು) ಹಾಕುವವರೂ ಇದ್ದಾರೆ. ಬೇಡ: ರ‍್ಯಾಂಡಮ್ ಸರಿಯಾಗಿ 0 ಕೊಟ್ಟ ದಿನ ದಾಳದಲ್ಲಿ 0 ಬೀಳುತ್ತದೆ, ಅಂಥ ಅಪರೂಪದ ದೋಷವನ್ನು ಹುಡುಕುವುದು ಬಲು ಕಷ್ಟ.

ಮಿತಿಗಳನ್ನು ಇನ್‌ಪುಟ್ ಪೆಟ್ಟಿಗೆಯಿಂದ ಓದುತ್ತಿದ್ದರೆ ಅವು ಸಂಖ್ಯೆಯಾಗಿ ಅಲ್ಲ, ಸ್ಟ್ರಿಂಗ್ (ಅಕ್ಷರಗಳ ಸಾಲು) ಆಗಿ ಬರುತ್ತವೆ. ಕೊನೆಯಲ್ಲಿ ಕೂಡಿಸುವಾಗ 3ರ ಪಕ್ಕಕ್ಕೆ 1 ಅಂಟಿಕೊಂಡು 31 ಆಗುತ್ತದೆ. ಮೊದಲೇ ನಂಬರ್() ಹಾಕಿ ಬದಲಿಸಿಕೊಳ್ಳಿ.

ಆಟಕ್ಕೆ ಇಷ್ಟು ಸಾಕು. ಪಾಸ್‌ವರ್ಡ್, ಒಟಿಪಿ, ಲಾಗಿನ್ ಟೋಕನ್‌ಗಳಿಗೆ ಮಾತ್ರ ಮ್ಯಾಥ್.ರ‍್ಯಾಂಡಮ್ ಖಂಡಿತ ಬಳಸಬೇಡಿ. ಕ್ರೋಮ್‌ನ ಜಾವಾಸ್ಕ್ರಿಪ್ಟ್ ಓಡಿಸುವ ವಿ8 ಎಂಜಿನ್ 2015ರ ಕೊನೆಗೆ ಅಳವಡಿಸಿಕೊಂಡ, ರ‍್ಯಾಂಡಮ್ ಸಂಖ್ಯೆ ಹುಟ್ಟಿಸುವ ವಿಧಾನವಾದ ಎಕ್ಸಾರ್‌ಶಿಫ್ಟ್128+ ಸಂಖ್ಯೆಗಳನ್ನು ಚೆನ್ನಾಗಿ ಹರಡುತ್ತದೆ ನಿಜ. ಆದರೆ ಸಾಲಾಗಿ ಬಂದ ಕೆಲವೇ ಸಂಖ್ಯೆಗಳು ಕೈಗೆ ಸಿಕ್ಕರೆ ಮುಂದಿನದನ್ನು ಲೆಕ್ಕ ಹಾಕಬಹುದು. ಅಲ್ಲಿ ಬೇಕಾದ್ದು ಊಹಿಸಲಾಗದ ಬೈಟ್‌ಗಳನ್ನು ಕೊಡುವ ಕ್ರಿಪ್ಟೋ.ಗೆಟ್‌ರ‍್ಯಾಂಡಮ್‌ವ್ಯಾಲ್ಯೂಸ್.

ಅದರಲ್ಲೂ ಒಂದು ಸೂಕ್ಷ್ಮವಿದೆ. ಒಂದು ಬೈಟ್‌ಗೆ 0ಯಿಂದ 255ರವರೆಗೆ 256 ಬೆಲೆಗಳು. 6ರಿಂದ ಭಾಗಿಸಿ ಶೇಷ ತೆಗೆದುಕೊಂಡರೆ 0, 1, 2, 3 ತಲಾ 43 ಸಲ, 4 ಮತ್ತು 5 ತಲಾ 42 ಸಲ ಬರುತ್ತವೆ. 252 ಅಥವಾ ಅದಕ್ಕಿಂತ ದೊಡ್ಡ ಬೈಟ್ ಬಂದರೆ ಬಿಸಾಡಿ ಇನ್ನೊಂದನ್ನು ಕೇಳಿ, ಪಾಲು ಸಮವಾಗುತ್ತದೆ. ಸರ್ವರ್‌ನಲ್ಲಿ ನೋಡ್ (ಬ್ರೌಸರ್ ಇಲ್ಲದೆ ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ) ಇದ್ದರೆ ಕ್ರಿಪ್ಟೋ.ರ‍್ಯಾಂಡಮ್‌ಇಂಟ್(1, 7) ಈ ಕೆಲಸವನ್ನು ತಾನೇ ಮಾಡುತ್ತದೆ. 7 ಅದರ ಲೆಕ್ಕಕ್ಕೆ ಸೇರುವುದಿಲ್ಲ.